ಎಂಜಿಬಿಯ ಹೀಟರ್ ಪೆಟ್ಟಿಗೆ: ಸೋರುವ ಗಾಳಿಯ ಲೆಕ್ಕ

ಎಂಜಿಬಿ ಅನ್ನೋದು 1962ರಿಂದ 1980ರ ತನಕ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು, ಅದರಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು. ನಮಗೂ ಅದಕ್ಕೂ ಒಂದು ನೆಂಟಸ್ತಿಕೆ ಇದೆ. ನಮ್ಮ ಅಂಬಾಸಡರ್ ವರ್ಷಾನುಗಟ್ಟಲೆ ಓಡಿದ್ದು 1489 ಸಿಸಿಯ ಬಿ-ಸೀರೀಸ್ ಎಂಜಿನ್ ಮೇಲೆ. ಎಂಜಿಬಿಯ ಬಾನೆಟ್ ಕೆಳಗೆ ಇರೋದು ಅದೇ ಕುಟುಂಬದ ದೊಡ್ಡಣ್ಣ, 1798 ಸಿಸಿ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ಕಾರಿನ ಹೀಟರ್ ಬಗ್ಗೆ ಯಾಕೆ ಓದಬೇಕು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನಾವು ಬೇರೆ ಬೇರೆ ಸೆಮಿಸ್ಟರ್‌ಗಳಲ್ಲಿ ಚದುರಿ ಓದುವ ಹೀಟ್ ಎಕ್ಸ್‌ಚೇಂಜರ್, ಫ್ಯಾನ್, ಡಕ್ಟ್‌ನೊಳಗಿನ ಹರಿವು, ಪಾಲಿಮರ್, ತುಕ್ಕು, ಡಿಸಿ ಮೋಟಾರ್ ಇಷ್ಟೂ ಒಂದೇ ತಗಡಿನ ಡಬ್ಬಿಯಲ್ಲಿ ಕೂತಿರುವ ಜಾಗ ಇದು. ಇವತ್ತಿನ ಕಾರುಗಳ ಡ್ಯಾಶ್‌ಬೋರ್ಡಿನೊಳಗಿರುವ ಎಸಿ ಪೆಟ್ಟಿಗೆಯೂ ಇದೇ ವಂಶದ್ದು. ಅದನ್ನು ಬಿಚ್ಚಲು ಹೋದರೆ ಪ್ಲಾಸ್ಟಿಕ್ ಲಾಕ್ ಮುರಿಯುತ್ತವೆ, ಸೆನ್ಸರ್ ತಂತಿಗಳು ಅಡ್ಡ ಬರುತ್ತವೆ. ಎಂಜಿಬಿಯಲ್ಲಿ ಎಲ್ಲ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಮಾತು. ಹೀಟರ್‌ನ ಕೆಲಸ ಬರೀ ಕಾಲು ಬೆಚ್ಚಗಿಡೋದು ಅಂತ ತಿಳಿದರೆ ಅರ್ಧ ತಿಳಿದಂತೆ. ಚಳಿಯ ದೇಶದಲ್ಲಿ ಮುಂದಿನ ಗಾಜಿನ ಮೇಲೆ ಕೂರುವ ಮಂಜನ್ನು ಕರಗಿಸುವುದು ಇದೇ ಗಾಳಿ. ಎಂಜಿಬಿ ಮೊದಲು ಬಂದಾಗ ಹೀಟರ್ ಬೇಕಿದ್ದರೆ ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. 1968ರಿಂದ ಅಮೆರಿಕದಲ್ಲಿ ಗಾಜಿನ ಮಂಜು ತೆಗೆಯುವ ವ್ಯವಸ್ಥೆ ಕಾರುಗಳ ಸುರಕ್ಷತಾ ನಿಯಮಗಳಲ್ಲೇ ಸೇರಿತು. ಅಂದರೆ ಇದು ಬ್ರೇಕ್, ಲೈಟುಗಳ ಸಾಲಿನಲ್ಲಿ ನಿಲ್ಲುವ ಸಾಮಾನು. ಇದಕ್ಕಿಂತ ಗಂಭೀರವಾದ ಅಪಾಯವೂ ಒಂದಿದೆ, ಮುಂದೆ ಹೇಳುತ್ತೇನೆ.

ಪೆಟ್ಟಿಗೆಯೊಳಗೆ ಏನಿದೆ

ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಗೆ ಬಲ್ಕ್‌ಹೆಡ್ ಅಂತಾರೆ. ಎಂಜಿಬಿಯಲ್ಲಿ ಅದರ ಮೇಲಿನ ಒಂದು ಕಟ್ಟೆಯಂಥ ಜಾಗದಲ್ಲಿ, ಎಂಜಿನ್ ಬದಿಗೆ, ಹೀಟರ್ ಪೆಟ್ಟಿಗೆ ಕೂತಿರುತ್ತದೆ. ಗಾಜಿನ ಬುಡದಲ್ಲಿರುವ ಜಾಲರಿಯಿಂದ ಹೊರಗಿನ ಗಾಳಿ ಪ್ಲೀನಮ್ ಎನ್ನುವ ಅರೆಗೆ ಇಳಿಯುತ್ತದೆ. ಅಲ್ಲಿಂದ ಪೆಟ್ಟಿಗೆಗೆ. ಫ್ಯಾನ್ ಆ ಗಾಳಿಯನ್ನು ಮ್ಯಾಟ್ರಿಕ್ಸ್ ಮೂಲಕ ನೂಕುತ್ತದೆ. ಮ್ಯಾಟ್ರಿಕ್ಸ್ ಅಂದರೆ ನಮ್ಮ ಎಂ-1ರ ಮ್ಯಾಟ್ರಿಕ್ಸ್ ಅಲ್ಲ. ಒಂದು ಪುಟ್ಟ ರೇಡಿಯೇಟರ್, ಬ್ರಿಟಿಷರು ಇಟ್ಟ ಹೆಸರು ಹಾಗೆ. ಈಗ ಹೆಚ್ಚಿನವರು ಹೀಟರ್ ಕೋರ್ ಅನ್ನುತ್ತಾರೆ. ಬಿಸಿಯಾದ ಗಾಳಿ ಒಂದು ಫ್ಲಾಪ್ ಎಲ್ಲಿ ತಿರುಗಿದೆಯೋ ಅದರಂತೆ ಗಾಜಿಗೋ ಕಾಲಿಗೋ ಹೋಗುತ್ತದೆ.

ನೀರಿನ ದಾರಿ ಬೇರೆ. ಸಿಲಿಂಡರ್ ಹೆಡ್‌ನ ಹಿಂದಿನ ತುದಿಯಲ್ಲಿ ಒಂದು ವಾಲ್ವ್ ಇದೆ, ಡ್ಯಾಶ್‌ಬೋರ್ಡಿನ ಗುಂಡಿಯಿಂದ ಕೇಬಲ್ ಮೂಲಕ ತೆರೆಯುತ್ತದೆ. ಬಿಸಿ ಕೂಲಂಟ್ ಅಲ್ಲಿಂದ ಮ್ಯಾಟ್ರಿಕ್ಸ್‌ಗೆ ಬಂದು, ಒಂದು ಲೋಹದ ಕೊಳವೆಯಲ್ಲಿ ರೇಡಿಯೇಟರ್‌ನ ಕೆಳಗಿನ ಹೋಸ್‌ಗೆ ವಾಪಸ್ ಹೋಗುತ್ತದೆ. ಹೀಟರ್‌ನಲ್ಲಿ ಪಂಪ್ ಇಲ್ಲ. ಎಂಜಿನ್ನಿನ ವಾಟರ್ ಪಂಪ್ ಹುಟ್ಟಿಸುವ ಒತ್ತಡದ ವ್ಯತ್ಯಾಸದಲ್ಲೇ ಎಲ್ಲ ನಡೆಯಬೇಕು.

ಈ ಎರಡೂ ದಾರಿಗಳನ್ನು ಅಂದಿನ ಎಂಜಿನಿಯರುಗಳು ಚೆನ್ನಾಗೇ ಮಾಡಿದ್ದರು. ಕೈಕೊಟ್ಟಿದ್ದು ಫೋಮ್. ಮ್ಯಾಟ್ರಿಕ್ಸ್‌ನ ಅಂಚಿಗೂ ತಗಡಿಗೂ ನಡುವೆ, ಫ್ಲಾಪ್‌ಗಳ ಮುಖಕ್ಕೆ, ಪೆಟ್ಟಿಗೆಗೂ ಬಲ್ಕ್‌ಹೆಡ್‌ಗೂ ನಡುವೆ ಇಟ್ಟಿದ್ದ ಮೆತ್ತನೆಯ ಪಟ್ಟಿಗಳು ನಲವತ್ತು ಐವತ್ತು ವರ್ಷದಲ್ಲಿ ಒಣಗಿ ರಸ್ಕಿನಂತೆ ಪುಡಿಯಾಗಿರುತ್ತವೆ. ಫ್ಯಾನ್ ಹಾಕಿದರೆ ಗಾಜಿನ ಕೆಳಗಿನ ಕಂಡಿಯಿಂದ ಕಪ್ಪು ಚೂರುಗಳು ಹಾರಿಬಂದರೆ ಪೆಟ್ಟಿಗೆ ಬಿಚ್ಚುವ ಕಾಲ ಬಂತು ಅಂತ ಅರ್ಥ.

ಐದು ಮಿಲಿಮೀಟರ್ ಸಂದಿ ಎಷ್ಟು ಮಹತ್ವದ್ದು?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸಂಖ್ಯೆಗಳು ನಾನು ಲೆಕ್ಕಕ್ಕೆಂದು ಹಿಡಿದವು, ಯಾವುದೇ ಕಾರಿನಲ್ಲಿ ಅಳೆದವಲ್ಲ.

ಮ್ಯಾಟ್ರಿಕ್ಸ್‌ನ ಮುಖ 20 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ ಅಂದುಕೊಳ್ಳಿ. ಮುಖದ ವಿಸ್ತೀರ್ಣ 300 ಚದರ ಸೆಂ.ಮೀ. ಸುತ್ತಳತೆ 70 ಸೆಂ.ಮೀ. ಫೋಮ್ ಉದುರಿ ಸುತ್ತ 5 ಮಿ.ಮೀ. ಸಂದಿ ಬಿದ್ದರೆ ಅದರ ವಿಸ್ತೀರ್ಣ 35 ಚದರ ಸೆಂ.ಮೀ. ಹನ್ನೆರಡು ಪರ್ಸೆಂಟ್ ತಾನೇ, ಹೋಗಲಿ ಬಿಡಿ ಅನ್ನಿಸಬಹುದು. ಆದರೆ ಮ್ಯಾಟ್ರಿಕ್ಸ್ ಮತ್ತು ಸಂದಿ ಎರಡೂ ಪ್ಯಾರಲಲ್‌ನಲ್ಲಿರುವ ರೆಸಿಸ್ಟೆನ್ಸ್‌ಗಳ ಹಾಗೆ. ಎರಡರ ಆಚೀಚೆಯ ಒತ್ತಡದ ವ್ಯತ್ಯಾಸ ಒಂದೇ. ಮ್ಯಾಟ್ರಿಕ್ಸ್ ಒಳಗೆ ಒತ್ತೊತ್ತಾದ ಫಿನ್‌ಗಳಿವೆ, ಗಾಳಿ ತಿಣುಕಿಕೊಂಡು ಹೋಗಬೇಕು. ಸಂದಿಯಲ್ಲಿ ಏನೂ ಇಲ್ಲ. ಹಾಗಾಗಿ ಸಂದಿ ತನ್ನ ವಿಸ್ತೀರ್ಣದ ಪಾಲಿಗಿಂತ ಎಷ್ಟೋ ಹೆಚ್ಚು ಗಾಳಿ ಕದಿಯುತ್ತದೆ. 40 ಪರ್ಸೆಂಟ್ ಗಾಳಿ ಸುತ್ತಿನಿಂದ ಜಾರಿತು ಅಂತ ಹಿಡಿಯೋಣ.

ಹೊರಗೆ 5 ಡಿಗ್ರಿ, ಕೂಲಂಟ್ 80 ಡಿಗ್ರಿ, ಗಾಳಿ ಸೆಕೆಂಡಿಗೆ 0.05 ಕೆ.ಜಿ. ಸೀಲ್ ಸರಿಯಿದ್ದಾಗ ಗಾಳಿ 55 ಡಿಗ್ರಿಗೆ ಏರುತ್ತದೆ ಅಂದುಕೊಂಡರೆ, ಸಿಗುವ ಶಾಖ 0.05 ಗುಣಿಸು 1005 ಗುಣಿಸು 50, ಅಂದರೆ ಸುಮಾರು 2.5 ಕಿಲೋವ್ಯಾಟ್. ಏರಬಹುದಾದ 75 ಡಿಗ್ರಿಯಲ್ಲಿ 50 ಏರಿದೆ, ಎಫೆಕ್ಟಿವ್‌ನೆಸ್ 0.67. ಕೂಲಂಟ್‌ನ ಉಷ್ಣಧಾರಣೆ ಗಾಳಿಗಿಂತ ಬಹಳ ಹೆಚ್ಚು ಅಂತ ಹಿಡಿದರೆ ಎನ್‌ಟಿಯು 1.1 ಬರುತ್ತದೆ.

ಈಗ 40 ಪರ್ಸೆಂಟ್ ಜಾರಿತು. ಮ್ಯಾಟ್ರಿಕ್ಸ್ ಮೂಲಕ ಹೋಗುವುದು 0.03 ಕೆ.ಜಿ. ಮಾತ್ರ. ನಿಧಾನ ಹೋಗುವ ಗಾಳಿ ಹೆಚ್ಚು ಬಿಸಿಯಾಗುತ್ತದೆ, ನಿಜ. ಆದರೆ ವೇಗ ಇಳಿದಾಗ ಗಾಳಿ ಬದಿಯ ಹೀಟ್ ಟ್ರಾನ್ಸ್‌ಫರ್ ಕೋಎಫಿಶಿಯೆಂಟ್ ಕೂಡ ಇಳಿಯುತ್ತದೆ. ಅದು ವೇಗದ ವರ್ಗಮೂಲದಂತೆ ಇಳಿಯುತ್ತದೆ ಅಂತ ಹಿಡಿದರೆ ಎನ್‌ಟಿಯು 1.42, ಎಫೆಕ್ಟಿವ್‌ನೆಸ್ 0.76, ಮ್ಯಾಟ್ರಿಕ್ಸ್‌ನಿಂದ ಹೊರಬರುವ ಗಾಳಿ 62 ಡಿಗ್ರಿ. ಶಾಖ 1.7 ಕಿಲೋವ್ಯಾಟ್. ಆಮೇಲೆ ಇದು ಜಾರಿದ 5 ಡಿಗ್ರಿ ಗಾಳಿಯ ಜೊತೆ ಬೆರೆಯುತ್ತದೆ. ಕಂಡಿಯಿಂದ ಕೊನೆಗೆ ಬರೋದು ಸುಮಾರು 39 ಡಿಗ್ರಿ. 55 ಎಲ್ಲಿ, 39 ಎಲ್ಲಿ! ಮ್ಯಾಟ್ರಿಕ್ಸ್ ಹೊಸದು, ವಾಲ್ವ್ ಹೊಸದು, ಥರ್ಮೋಸ್ಟಾಟ್ ಹೊಸದು, ಆದರೂ ಹೀಟರ್ ಕೆಲಸ ಮಾಡಲ್ಲ ಅಂತ ಗೊಣಗುವವರ ಕಥೆ ಎಷ್ಟೋ ಸಲ ಇಷ್ಟೇ.

ಎಳೆಯುವ ಬದಿ, ನೂಕುವ ಬದಿ

ಫ್ಯಾನ್‌ನ ಮುಂಚೆ ಇರುವ ಜಾಗದಲ್ಲಿ ಒತ್ತಡ ಹೊರಗಿಗಿಂತ ಕಡಿಮೆ, ಫ್ಯಾನ್ ದಾಟಿದ ಮೇಲೆ ಹೆಚ್ಚು. ನೂಕುವ ಬದಿಯಲ್ಲಿ ತೂತಿದ್ದರೆ ಬಿಸಿ ಗಾಳಿ ಎಂಜಿನ್ ಕೋಣೆಗೆ ಸೋರುತ್ತದೆ, ನಷ್ಟ, ಅಷ್ಟೇ. ಎಳೆಯುವ ಬದಿಯಲ್ಲಿ ತೂತಿದ್ದರೆ ಎಂಜಿನ್ ಕೋಣೆಯ ಗಾಳಿ ಒಳಗೆ ಬರುತ್ತದೆ, ಅಲ್ಲಿಂದ ನೇರ ಚಾಲಕನ ಮುಖಕ್ಕೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಸ್ವಲ್ಪ ಊದುತ್ತಿದ್ದರೆ ಆ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುವ ಅನಿಲ. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರ್ಬ್ಯುರೇಟರ್ ಎಂಜಿನ್ನಿನ ಹೊಗೆಯಲ್ಲಿ ಅದು ಧಾರಾಳವಾಗಿರುತ್ತದೆ.

ಕಾರು ವೇಗವಾಗಿ ಓಡುವಾಗ ಗಾಜಿನ ಬುಡದಲ್ಲಿ ಗಾಳಿ ಬಂದು ಡಿಕ್ಕಿ ಹೊಡೆದು ಅಲ್ಲಿನ ಒತ್ತಡ ಏರುತ್ತದೆ, ಪ್ಲೀನಮ್ ತುಂಬುತ್ತದೆ, ಆಗ ಈ ಎಳೆತ ಕಡಿಮೆ. ಸಿಗ್ನಲ್‌ನಲ್ಲಿ ನಿಂತು ಫ್ಯಾನ್ ಜೋರಾಗಿ ಹಾಕಿದಾಗ ಎಳೆತ ಹೆಚ್ಚು, ಎಂಜಿನ್ ಕೋಣೆಯ ಹೊಗೆಯೂ ಆಗಲೇ ಹೆಚ್ಚು. ಎರಡೂ ಒಟ್ಟಿಗೆ ಬರುತ್ತವೆ. ಪೆಟ್ಟಿಗೆಗೂ ಬಲ್ಕ್‌ಹೆಡ್‌ಗೂ ನಡುವಿನ ಗ್ಯಾಸ್ಕೆಟ್ಟನ್ನು "ಹಳೇದೇ ಇರಲಿ" ಅನ್ನುವವರಿಗೆ ಇದನ್ನು ಓದಿ ಹೇಳಬೇಕು.

ಹೊರಗೆ ತೆಗೆಯೋದು

ಎಂಜಿಬಿ ಇಟ್ಟುಕೊಂಡವರ ನಡುವೆ ಒಂದು ಹಳೆಯ ತಮಾಷೆ ಇದೆ: ಕಾರ್ಖಾನೆಯಲ್ಲಿ ಮೊದಲು ಹೀಟರ್ ಪೆಟ್ಟಿಗೆಯನ್ನು ನೇತುಹಾಕಿ, ಅದರ ಸುತ್ತ ಕಾರು ಕಟ್ಟುತ್ತಿದ್ದರಂತೆ. ಬಿಚ್ಚಲು ಹೋದರೆ ತಮಾಷೆ ಅನ್ನಿಸಲ್ಲ. ಬ್ಯಾಟರಿ ಕಳಚಿ, ಎಂಜಿನ್ ತಣ್ಣಗಿರುವಾಗ ಕೂಲಂಟ್ ಇಳಿಸಬೇಕು. ಕೂಲಂಟ್‌ನ ಎಥಿಲೀನ್ ಗ್ಲೈಕಾಲ್ ವಿಷ, ಮೇಲಾಗಿ ಸಿಹಿ. ತೆರೆದ ಬಕೆಟ್‌ನಲ್ಲಿಟ್ಟರೆ ಬೀದಿನಾಯಿ ಕುಡಿದು ಸಾಯುತ್ತದೆ. ಮುಚ್ಚಿಡಿ.

ಹೋಸ್‌ಗಳನ್ನು ಇಕ್ಕಳದಲ್ಲಿ ಹಿಡಿದು ತಿರುಚಬೇಡಿ. ಮ್ಯಾಟ್ರಿಕ್ಸ್‌ನ ಹಿತ್ತಾಳೆ ಕೊಳವೆ ತೆಳು, ಬೆಸುಗೆಯ ಬುಡದಲ್ಲೇ ಕಿತ್ತುಬರುತ್ತದೆ. ಬ್ಲೇಡಿನಿಂದ ಹೋಸನ್ನು ಉದ್ದಕ್ಕೆ ಸೀಳಿ ಸುಲಿಯಿರಿ, ಹೋಸ್ ಹೇಗೂ ಹೊಸದು ಹಾಕಬೇಕು. ಆಮೇಲೆ ಮೋಟಾರ್ ತಂತಿ, ಒಳಗಿನಿಂದ ಫ್ಲಾಪ್‌ನ ಕೇಬಲ್, ಗಾಜಿಗೆ ಹೋಗುವ ಡಕ್ಟ್‌ಗಳು, ಕೊನೆಗೆ ಸುತ್ತಲಿನ ಸ್ಕ್ರೂಗಳು. ಎಲ್ಲ ಬಿಚ್ಚಿದ ಮೇಲೂ ಪೆಟ್ಟಿಗೆ ಅಲ್ಲಾಡದಿದ್ದರೆ ಹಳೆಯ ಗ್ಯಾಸ್ಕೆಟ್ ಅಂಟಿಕೊಂಡಿದೆ ಅಂತ. ಮೀಟುಗೋಲು ಹಾಕದೆ ಆಚೀಚೆ ತೂಗುತ್ತಾ ಬಿಡಿಸಿ. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ಹೊಡೆದಿಡಿ. ಕೇಬಲ್ ಯಾವ ಕಡೆಯಿಂದ ಬಂದಿತ್ತು ಅನ್ನೋದು ಮೂರು ವಾರದ ಮೇಲೆ ಯಾರಿಗೂ ನೆನಪಿರಲ್ಲ.

ಆ ಕಾಲದ ಗ್ಯಾಸ್ಕೆಟ್, ಶಾಖನಿರೋಧಕ ಹಾಳೆಗಳಲ್ಲಿ ಕಲ್ನಾರು ಬಳಸುವುದು ಸಾಮಾನ್ಯವಾಗಿತ್ತು. ಹಾಗಾಗಿ ಹಳೆಯ ಪಟ್ಟಿಗಳನ್ನು ಒಣಗಿದ್ದಾಗ ಕೆರೆಯುವುದು, ವೈರ್ ಬ್ರಷ್ ಹಾಕುವುದು, ಕಂಪ್ರೆಸರ್‌ನಿಂದ ಊದುವುದು ಬೇಡ. ನೀರು ಸಿಂಪಡಿಸಿ, ಒಳ್ಳೆಯ ಮಾಸ್ಕ್ ಹಾಕಿ, ನಿಧಾನವಾಗಿ ಕೆರೆದು ಚೀಲದಲ್ಲಿ ಕಟ್ಟಿ.

ಪೆಟ್ಟಿಗೆ ಹೊರಗಿದ್ದಾಗ ಪ್ಲೀನಮ್‌ನೊಳಗೆ ಟಾರ್ಚ್ ಹಾಕಿ ನೋಡಿ. ಮಳೆನೀರು ಹೊರಹೋಗುವ ರಬ್ಬರ್ ಕೊಳವೆ ಅಲ್ಲೇ ಇರುತ್ತದೆ. ಎಲೆ, ಮಣ್ಣು, ಉದುರಿದ ಫೋಮ್ ಸೇರಿ ಅದು ಕಟ್ಟಿಕೊಂಡರೆ ನೀರು ನಿಂತು ತಗಡು ತಿನ್ನುತ್ತದೆ, ಕೊನೆಗೆ ಕಾಲ ಬುಡಕ್ಕೆ ಸುರಿಯುತ್ತದೆ. ಕಾರ್ಪೆಟ್ ಒದ್ದೆ ಅಂತ ಮ್ಯಾಟ್ರಿಕ್ಸ್ ಬದಲಿಸಿದವರಿದ್ದಾರೆ, ಅದು ಮಳೆನೀರಾಗಿತ್ತು. ವ್ಯತ್ಯಾಸ ತಿಳಿಯೋದು ಸುಲಭ. ಕೂಲಂಟ್ ಬೆರಳಿಗೆ ಜಿಡ್ಡುಜಿಡ್ಡು, ಗಾಜಿನ ಒಳಮೈಯಲ್ಲೂ ಒರೆಸಿದರೆ ಹರಡುವ ಪೊರೆ ಕೂರಿಸುತ್ತದೆ.

ಮ್ಯಾಟ್ರಿಕ್ಸ್

ಮೊದಲು ನೀರು ಬಿಟ್ಟು ತೊಳೆಯಿರಿ, ಮಾಮೂಲಿ ಹರಿವಿಗೆ ಎದುರು ದಿಕ್ಕಿನಲ್ಲಿ, ಕಡಿಮೆ ಒತ್ತಡದಲ್ಲಿ. ತುಕ್ಕಿನ ಕೆಂಪು ಕೆಸರು ಬಂದು ಬಂದು ನೀರು ತಿಳಿಯಾಗುತ್ತದೆ. ಸುಣ್ಣ ಕಟ್ಟಿದ್ದರೆ ನಿಂಬೆ ಉಪ್ಪಿನ ತೆಳು ದ್ರಾವಣ ತುಂಬಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಬಹುದು. ಬಚ್ಚಲು ತೊಳೆಯುವ ಆಸಿಡ್ ಹತ್ತಿರಕ್ಕೂ ತರಬೇಡಿ, ಬೆಸುಗೆಯನ್ನೂ ತಿನ್ನುತ್ತದೆ.

ಆಮೇಲೆ ಸೋರಿಕೆ ಪರೀಕ್ಷೆ. ಒಂದು ಕೊಳವೆಗೆ ಬಿರಡೆ, ಇನ್ನೊಂದಕ್ಕೆ ಸೈಕಲ್ ಪಂಪ್ ಮತ್ತು ಗೇಜ್, ಮ್ಯಾಟ್ರಿಕ್ಸ್ ಬಕೆಟ್ ನೀರಿನಲ್ಲಿ ಮುಳುಗಿರಲಿ. ರೇಡಿಯೇಟರ್ ಮುಚ್ಚಳ 10 ಪಿಎಸ್‌ಐನದ್ದಾದರೆ 15ಕ್ಕೆ ಏರಿಸಿ ಹತ್ತು ನಿಮಿಷ ಬಿಡಿ. ಗುಳ್ಳೆ ಎಲ್ಲಿಂದ ಎದ್ದಿತೋ ಅಲ್ಲಿ ತೂತು. ಕಾಲೇಜಿನ ವರ್ಕ್‌ಶಾಪಿನ ಕಂಪ್ರೆಸರ್ ಕೈಗೆ ಸಿಕ್ಕರೂ ನೇರ ಜೋಡಿಸಬಾರದು. ಅದರ ನೂರು ಪಿಎಸ್‌ಐಗೆ ಈ ತೆಳು ಹಿತ್ತಾಳೆ ಬಿರಿದುಹೋಗುತ್ತದೆ. 10 ಪಿಎಸ್‌ಐ ಮುಚ್ಚಳದ ಲಾಭ ಗೊತ್ತಲ್ಲ? ಬರೀ ನೀರಾದರೂ 115 ಡಿಗ್ರಿ ತನಕ ಕುದಿಯಲ್ಲ. ಅದೇ ಕಾರಣಕ್ಕೆ ಮ್ಯಾಟ್ರಿಕ್ಸ್ ಒಡೆದರೆ ಕಾಲ ಮೇಲೆ ಸುರಿಯೋದು ಬರೀ ಬಿಸಿನೀರಲ್ಲ, ಒತ್ತಡ ಇಳಿದ ಕೂಡಲೇ ಆವಿಯಾಗಿ ಉಕ್ಕುವ ನೀರು.

ಅಂಚಿನ ಸಣ್ಣ ತೂತನ್ನು ರೇಡಿಯೇಟರ್ ಅಂಗಡಿಯವರು ಬೆಸೆದು ಕೊಡುತ್ತಾರೆ. ಫಿನ್‌ಗಳ ಮಧ್ಯೆ ಸೋರುತ್ತಿದ್ದರೆ ಹೊಸದು ತರುವುದೇ ಸರಿ. ಸೋರಿಕೆ ನಿಲ್ಲಿಸುವ ಪುಡಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅದು ತೂತು ಯಾವುದು, ಮ್ಯಾಟ್ರಿಕ್ಸ್‌ನ ಸಣ್ಣ ಕೊಳವೆ ಯಾವುದು ಅಂತ ನೋಡಿಕೊಂಡು ಕಟ್ಟಿಕೊಳ್ಳಲ್ಲ.

ಫೋಮ್: ಇಡೀ ಕೆಲಸದ ಹೃದಯ

ಹಳೆಯ ಫೋಮ್ ತೆರೆದ ಕೋಶದ್ದು, ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಕುಡಿದ ನೀರನ್ನು ತಗಡಿಗೆ ಒತ್ತಿ ಹಿಡಿದಿರುತ್ತದೆ, ತುಕ್ಕು ಶುರುವಾಗೋದು ಅಲ್ಲಿಂದಲೇ. ಶಾಖ ಮತ್ತು ತೇವ ಸೇರಿದರೆ ಪಾಲಿಯುರೆಥೇನ್‌ನ ಸರಪಳಿಗಳೂ ತುಂಡಾಗುತ್ತಾ ಹೋಗುತ್ತವೆ. ಮೊದಲು ಅಂಟಂಟು, ಆಮೇಲೆ ಪುಡಿ. ಆದ್ದರಿಂದ ಹೊಸದಾಗಿ ಹಾಕುವುದು ಮುಚ್ಚಿದ ಕೋಶದ ಇಪಿಡಿಎಂ ಅಥವಾ ನಿಯೋಪ್ರೀನ್ ಫೋಮ್ ಆಗಿರಲಿ. ಇಪಿಡಿಎಂ ಶಾಖಕ್ಕೂ ಕೂಲಂಟ್‌ಗೂ ಚೆನ್ನಾಗಿ ತಡೆಯುತ್ತದೆ, ಎಣ್ಣೆ ಪೆಟ್ರೋಲಿಗೆ ತಡೆಯಲ್ಲ. ನಿಯೋಪ್ರೀನ್ ಎಣ್ಣೆಗೆ ಅದಕ್ಕಿಂತ ವಾಸಿ. ಮ್ಯಾಟ್ರಿಕ್ಸ್ ಸುತ್ತ ಇಪಿಡಿಎಂ, ಎಂಜಿನ್ ಬದಿಯ ಗ್ಯಾಸ್ಕೆಟ್‌ಗೆ ನಿಯೋಪ್ರೀನ್ ಹಾಕುವುದು ನನ್ನ ಆಯ್ಕೆ. ಯೋಗಾ ಮ್ಯಾಟ್, ಟಿವಿ ಡಬ್ಬದ ಪ್ಯಾಕಿಂಗ್ ಫೋಮ್ ಕತ್ತರಿಸಿ ಹಾಕುವ ಜುಗಾಡ್ ಇಲ್ಲಿ ನಡೆಯಲ್ಲ. 80 ಡಿಗ್ರಿಯ ಲೋಹಕ್ಕೆ ತಾಗಿಕೊಂಡು ಮೆತ್ತಗಾಗಿ ಚಪ್ಪಟೆಯಾಗಿಬಿಡುತ್ತವೆ.

ದಪ್ಪ ಎಷ್ಟಿರಬೇಕು? ಫೋಮ್ ಸೀಲ್ ಮಾಡೋದು ತಾನು ಒತ್ತಿಸಿಕೊಂಡಾಗ, ವಾಪಸ್ ಒತ್ತುವ ಬಲದಿಂದ. ಸಂದಿಗೆ ಸರಿಸಮ ದಪ್ಪದ ಪಟ್ಟಿ ಇಟ್ಟರೆ ಆ ಬಲ ಸೊನ್ನೆ. ಮೂರನೇ ಒಂದು ಭಾಗದಷ್ಟು ಒತ್ತಿರಬೇಕು, ಅಂದರೆ 6 ಮಿ.ಮೀ. ಸಂದಿಗೆ 9 ಮಿ.ಮೀ. ಪಟ್ಟಿ. ಹಾಗಂತ 15 ಮಿ.ಮೀ. ತುರುಕಿದರೆ ಕೋಶಗಳ ಗೋಡೆ ಕುಸಿದು ಕೆಲ ತಿಂಗಳಲ್ಲಿ ಫೋಮ್ ಚಪ್ಪಟೆಯಾಗೇ ಉಳಿಯುತ್ತದೆ, ಜೊತೆಗೆ ಮುಚ್ಚಳದ ಸ್ಪ್ರಿಂಗ್ ಕ್ಲಿಪ್‌ಗಳು ಕೂರಲ್ಲ. ಸಂದಿ ಅಳೆಯಲು ಚಪಾತಿ ಹಿಟ್ಟಿನ ಉಂಡೆ ಸಾಕು: ಅಲ್ಲಲ್ಲಿ ಇಟ್ಟು, ಮುಚ್ಚಳ ಹಾಕಿ ತೆಗೆದು, ಚಪ್ಪಟೆಯಾದ ಹಿಟ್ಟಿನ ದಪ್ಪವನ್ನು ವರ್ನಿಯರ್‌ನಲ್ಲಿ ನೋಡಿ. ಹಳೆಯ ತಗಡು ಎಲ್ಲ ಕಡೆ ಒಂದೇ ಸಮ ಇರಲ್ಲ.

ಪಟ್ಟಿಗಳು ಸೇರುವ ಮೂಲೆಯಲ್ಲಿ ತುದಿಗೆ ತುದಿ ತಾಗಿಸುವಾಗ ಒಂದೆರಡು ಮಿ.ಮೀ. ಉದ್ದವೇ ಕತ್ತರಿಸಿ. ಎಳೆದು ಅಂಟಿಸಿದರೆ ಫೋಮ್ ಆಮೇಲೆ ಕುಗ್ಗಿ ಮೂಲೆಯಲ್ಲಿ ಕಿಟಕಿ ತೆರೆಯುತ್ತದೆ.

ಫ್ಲಾಪ್‌ನ ವಿಷಯ ಬೇರೆ. ಅಲ್ಲಿ ತೆಳುವಾದ, ಬಹಳ ಮೆತ್ತಗಿನ, 3 ಮಿ.ಮೀ. ಫೋಮ್ ಬೇಕು. ಹಿಂಜ್ ಹತ್ತಿರ ದಪ್ಪ ಫೋಮ್ ಇದ್ದರೆ ಫ್ಲಾಪ್ ಅದರ ಮೇಲೆ ಏರಿ ಕೂತು ಎದುರು ಅಂಚು ಬಾಯಿಬಿಡುತ್ತದೆ. ಬಾಗಿಲ ಸಂದಿಯಲ್ಲಿ ಕಾಲೊರಸು ಸಿಕ್ಕಿಕೊಂಡಂತೆ. ಹಿಂಜ್ ಅಂಚಿನಲ್ಲಿ ಒಂದಿಷ್ಟು ಜಾಗ ಖಾಲಿ ಬಿಡೋದು ಉತ್ತಮ.

ಹಿಂಬದಿಗೆ ಅಂಟು ಬಳಿದುಬರುವ ಟೇಪನ್ನು ಮಾತ್ರ ನಂಬಬೇಡಿ, ಶಾಖಕ್ಕೆ ಜಾರುತ್ತದೆ. ಶಾಖ ತಡೆಯುವ ಕಾಂಟ್ಯಾಕ್ಟ್ ಅಡ್ಹೆಸಿವ್ ಎರಡೂ ಮೈಗೆ ಬಳಿದು, ಕೈಗೆ ಅಂಟದಷ್ಟು ಒಣಗಿಸಿ, ಆಮೇಲೆ ಒತ್ತಬೇಕು. ಅದಕ್ಕೂ ಮೊದಲು ತಗಡಿನ ತುಕ್ಕು ತೆಗೆದು, ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಾಕಿ ತೊಳೆದು, ಪ್ರೈಮರ್, ಪೇಂಟ್ ಮುಗಿದಿರಬೇಕು. ಪೇಂಟ್ ಪೂರ್ತಿ ಗಟ್ಟಿಯಾಗಲು ಕೆಲವು ದಿನ ಕೊಡಿ. ಅವಸರಪಟ್ಟರೆ ಅಂಟಿನ ದ್ರಾವಕ ಪೇಂಟನ್ನೇ ಎಬ್ಬಿಸುತ್ತದೆ.

ಮೋಟಾರ್

ಹೆಚ್ಚು ಹೇಳಲಿಕ್ಕಿಲ್ಲ. ಬುಷ್‌ಗೆ ಎರಡು ಹನಿ ಎಣ್ಣೆ, ಕಮ್ಯುಟೇಟರ್ ಒರೆಸುವುದು, ಬ್ರಷ್ ಸವೆದಿದ್ದರೆ ಬದಲಿಸುವುದು, ಆಮೇಲೆ 12 ವೋಲ್ಟ್ ಕೊಟ್ಟು ಮೇಜಿನ ಮೇಲೆ ಓಡಿಸಿ ನೋಡುವುದು. ಒಂದೇ ಎಚ್ಚರ. 1967ರ ತನಕದ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಗೆ ಜೋಡಣೆಯಾಗಿತ್ತು, ಆಮೇಲೆ ನೆಗೆಟಿವ್ ಆಯಿತು. ಹಳೆಯ ಕಾರನ್ನು ಯಾರಾದರೂ ನಡುವೆ ನೆಗೆಟಿವ್‌ಗೆ ಬದಲಿಸಿದ್ದರೆ, ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್ ಉಲ್ಟಾ ತಿರುಗುತ್ತದೆ. ಫೀಲ್ಡ್ ವೈಂಡಿಂಗ್ ಇರುವ ಮೋಟಾರಾದರೆ ಫೀಲ್ಡ್, ಆರ್ಮೇಚರ್ ಎರಡೂ ಒಟ್ಟಿಗೆ ತಿರುಗಿಬೀಳುವುದರಿಂದ ದಿಕ್ಕು ಬದಲಾಗಲ್ಲ. ಯಾಕೆ ಅಂತ ಮೂರನೇ ಸೆಮ್‌ನ ಎಲೆಕ್ಟ್ರಿಕಲ್ ಗೆಳೆಯರನ್ನು ಕೇಳಿ. ಫ್ಯಾನ್ ಉಲ್ಟಾ ತಿರುಗುತ್ತಿದ್ದರೆ ತಂತಿ ಅದಲುಬದಲು ಮಾಡಿದರಾಯಿತು.

ಕಾರಿಗೆ ಕೂರಿಸುವ ಮುಂಚೆ

ಮೂರು ಪರೀಕ್ಷೆಗಳಿಗೆ ಖರ್ಚಿಲ್ಲ. ಕತ್ತಲ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಎಲ್‌ಇಡಿ ಬಲ್ಬ್ ಇಟ್ಟು ಜೋಡಣೆಗಳಿಂದ ಬೆಳಕು ಇಣುಕುತ್ತದೆಯೇ ನೋಡಿ. ಫ್ಲಾಪ್ ಮುಚ್ಚುವಾಗ ಅಂಚಿಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಎಳೆಯಿರಿ. ಸುತ್ತಲೂ ಎಲ್ಲೇ ಎಳೆದರೂ ಒಂದೇ ಸಮ ಬಿಗಿ ಇರಬೇಕು. ಮೂರನೆಯದು ಊದುಬತ್ತಿ. ಫ್ಯಾನ್ ಓಡಿಸಿ, ಹೊಗೆಯನ್ನು ಪ್ರತಿ ಜೋಡಣೆಯ ಪಕ್ಕ ನಿಧಾನವಾಗಿ ಒಯ್ಯಿರಿ. ಹೊಗೆ ಒಳಗೆ ಬಾಗಿದರೆ ಎಳೆಯುವ ಬದಿಯ ತೂತು, ಹೊರಗೆ ಚದುರಿದರೆ ನೂಕುವ ಬದಿಯದ್ದು. ಒಳಗೆ ಬಾಗುವ ತೂತು ಒಂದೂ ಉಳಿಯಬಾರದು. ಅಂಟಿನ ಡಬ್ಬಿ, ಥಿನ್ನರ್ ಇರುವ ಕೋಣೆಯಲ್ಲಿ ಮಾತ್ರ ಊದುಬತ್ತಿ ಹಚ್ಚಬೇಡಿ.

ಕಾರಿಗೆ ಕೂರಿಸಿದ ಮೇಲೆ ಇದೇ ಊದುಬತ್ತಿ ಪರೀಕ್ಷೆಯನ್ನು ಬಲ್ಕ್‌ಹೆಡ್ ಗ್ಯಾಸ್ಕೆಟ್ ಸುತ್ತ ಇನ್ನೊಮ್ಮೆ ಮಾಡಿ, ಎಂಜಿನ್ ಆಫ್ ಇದ್ದು ಪೆಟ್ರೋಲ್ ವಾಸನೆ ಏನೂ ಇಲ್ಲದಾಗ. ಕೇಬಲ್‌ಗಳು ಹಾದುಬರುವ ತೂತುಗಳ ರಬ್ಬರ್ ಗ್ರಾಮೆಟ್‌ಗಳನ್ನೂ ಆಗಲೇ ಬದಲಿಸಿ. ಪೆಟ್ಟಿಗೆ ಎಷ್ಟೇ ಬಿಗಿಯಿದ್ದರೂ ಪಕ್ಕದ ತೂತು ತೆರೆದಿದ್ದರೆ ಹೊಗೆಗೆ ಅದೇ ದಾರಿ. ಮೇಲಿನ ಹುಡ್ ಹಾಕಿ ವೇಗವಾಗಿ ಓಡುವಾಗ ಕ್ಯಾಬಿನ್‌ನೊಳಗಿನ ಒತ್ತಡ ಹೊರಗಿಗಿಂತ ಇಳಿಯುತ್ತದೆ, ಫ್ಯಾನ್ ಇಲ್ಲದೆಯೂ ಎಳೆಯುತ್ತದೆ.

ಕೂಲಂಟ್ ತುಂಬುವಾಗ ಹೀಟರ್ ವಾಲ್ವ್ ಪೂರ್ತಿ ತೆರೆದಿರಲಿ. ಮ್ಯಾಟ್ರಿಕ್ಸ್ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುತ್ತದೆ, ನೀರು ಸುತ್ತೋದೇ ಇಲ್ಲ. ಮೇಲಿನ ಹೋಸ್ ಸಡಿಲಿಸಿ ಕೂಲಂಟ್ ಕಾಣುವ ತನಕ ತುಂಬಿ, ಆಮೇಲೆ ಕ್ಲಿಪ್ ಬಿಗಿ ಮಾಡಿ. ಎಂಜಿನ್ ಬಿಸಿಯಾದ ಮೇಲೆ ಮ್ಯಾಟ್ರಿಕ್ಸ್‌ಗೆ ಹೋಗುವ ಹೋಸ್, ಬರುವ ಹೋಸ್ ಎರಡನ್ನೂ ಮುಟ್ಟಿ ನೋಡಿ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಗುಳ್ಳೆ ಇನ್ನೂ ಇದೆ. ಮಾರನೇ ದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ ಕಡಿಮೆಯಾದಷ್ಟು ತುಂಬಿ. ಮೊದಲ ವಾರ ಹೋಸ್ ಕ್ಲಿಪ್‌ಗಳನ್ನು ಎರಡು ಸಲ ಬಿಗಿ ಮಾಡಬೇಕಾಗುತ್ತದೆ, ಹೊಸ ರಬ್ಬರ್ ಕೂತುಕೊಳ್ಳಲು ಅಷ್ಟು ಹೊತ್ತು ತಗೊಳ್ಳುತ್ತದೆ.